ಗಾಳಿಯ ತಡೆಯೂ ಕಣ್ಣಿನ ದಾರಿಯೂ

ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿಲೋಮೀಟರು ದಾರಿ. ಆಷಾಢದಲ್ಲಿ ಈ ದಾರಿಯನ್ನು ಮೋಟಾರ್ ಸೈಕಲ್ಲಿನ ಮೇಲೆ ಕ್ರಮಿಸುವ ಗುಮಾಸ್ತರಿಗೂ ಉಪಾಧ್ಯಾಯರಿಗೂ ಗಾಳಿಯ ಪ್ರತಾಪವನ್ನು ನಾವು ವರ್ಣಿಸಬೇಕಾದುದಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಮಳೆಗಾಲದ ಪಡುವಣ ಗಾಳಿಯು ವಾಯವ್ಯಕ್ಕೆ ಹೊರಟ ಸವಾರನನ್ನು ಎಡಗಡೆಯಿಂದ ಓರೆಯಾಗಿ ಹೊಡೆಯುವುದು. ಆದುದರಿಂದ ವಾಹನದ ಮುಂದುಗಡೆ ಪಾರದರ್ಶಕವಾದ ಫಲಕವನ್ನು, ಎಂದರೆ ವಿಂಡ್‌ಶೀಲ್ಡನ್ನು, ಕೂಡಿಸಿಕೊಳ್ಳಬೇಕೆಂದು ಹಲವರು ಬಯಸುವುದು ಸಹಜವೇ ಆಗಿದೆ.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿ ಏರತಕ್ಕದ್ದು. 40 ಕಿಲೋಮೀಟರಿನ ವೇಗವು 80 ಆದರೆ ಒತ್ತಡವು ಇಮ್ಮಡಿಯಲ್ಲ, ನಾಲ್ಮಡಿಯಾಗುವುದು. 60ರ ವೇಗದಲ್ಲಿ ಹೋಗುವವನಿಗೆ 20ರ ಗಾಳಿ ನೇರವಾಗಿ ಎದುರಾದರೆ ಅವನ ಎದೆಯು 80ರ ಒತ್ತಡವನ್ನೇ ತಾಳಬೇಕಾಗುವುದು. ತೋಳು ಕುತ್ತಿಗೆಗಳು ದಣಿದಂತೆ ಎಚ್ಚರವೂ ಕುಗ್ಗುವುದು. ಹೀಗಿರಲು ಈ ಫಲಕವನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅಂದಕ್ಕೆ ಮರುಳಾಗಿ ಎತ್ತರದ ಫಲಕವನ್ನು ಕೊಂಡು ಹೇಗೋ ಬಿಗಿಯುವುದು ಅದಕ್ಕಿಂತ ದೊಡ್ಡ ಅವಿವೇಕ.

ಸವಾರನು ಫಲಕದ ಮೇಲಿನಿಂದ ದಾರಿಯನ್ನು ನೋಡಬೇಕೇ ಹೊರತು ಅದರೊಳಗಿಂದಲ್ಲ. ಇದೇ ಮುಖ್ಯ ಸೂತ್ರವು. ಮಳೆಯ ರಾತ್ರಿಯಲ್ಲಿ ಹನಿಗಟ್ಟಿದ, ಗೀರುಬಿದ್ದ ಫಲಕದ ಮೇಲೆ ಎದುರಿನ ಲಾರಿಯ ದೀಪ ಬಿದ್ದರೆ, ಹಿಂದೆ ಕುಳಿತವನು ಆ ಕ್ಷಣಕ್ಕೆ ಕುರುಡನೇ ಸರಿ. ಮೇಲಂಚು ಮೂಗಿನ ಮಟ್ಟವನ್ನು ಮೀರದಿರುವುದು ಲೇಸು. ಕೊಳ್ಳುವ ಮುನ್ನ ಗಾಡಿಯ ಮೇಲೆ ಎಂದಿನಂತೆ ಕುಳಿತು, ಜೊತೆಯವರಿಂದ ಒಂದು ರಟ್ಟಿನ ಹಾಳೆಯನ್ನು ಮುಂದೆ ಹಿಡಿಸಿ ಎತ್ತರವನ್ನು ಗುರುತು ಮಾಡಿಕೊಂಡರೆ ಹಣವೂ ಉಳಿಯುವುದು, ಪ್ರಾಣವೂ ಉಳಿಯುವುದು.

ಅಕ್ರಿಲಿಕ್ ಫಲಕವು ಪೆಟ್ಟಿಗೆ ಸೀಳುವುದು. ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಬೇಗನೆ ಗೀರುಬೀಳುವುದು. ಎರಡನ್ನೂ ನೀರು, ಮೆತ್ತನೆಯ ಬಟ್ಟೆಗಳಿಂದಲೇ ಒರೆಸತಕ್ಕದ್ದು, ಪೆಟ್ರೋಲು ತಾಗಬಾರದು. ಬೋಲ್ಟಿಗೂ ಫಲಕಕ್ಕೂ ನಡುವೆ ರಬ್ಬರಿನ ವಾಷರ್ ಇರಲಿ. ಪಾನಾದಿಂದ ಅತಿಯಾಗಿ ತಿರುವಿದರೆ ರಂಧ್ರದಿಂದಲೇ ಬಿರುಕು ಹುಟ್ಟುವುದು. ಹ್ಯಾಂಡಲನ್ನು ಎರಡೂ ಕೊನೆಗಳವರೆಗೆ ಹೊರಳಿಸಿ, ಕೇಬಲ್ಲುಗಳು ಎಳೆಯದಿರುವುದನ್ನೂ ಫಲಕವು ಟ್ಯಾಂಕಿಗೆ ತಾಗದಿರುವುದನ್ನೂ ಪರೀಕ್ಷಿಸಬೇಕು. ಮೊದಲು ನಿಧಾನವಾಗಿ ಓಡಿಸಿ ನೋಡಿ, ಕೆಲವು ದಿನಗಳ ತರುವಾಯ ನಟ್ಟುಗಳನ್ನು ಮತ್ತೆ ನೋಡತಕ್ಕದ್ದು. ಹ್ಯಾಂಡಲಿಗೇ ಕಟ್ಟಿದ ದೊಡ್ಡ ಫಲಕವು ಅಡ್ಡಗಾಳಿಯಲ್ಲಿ ಹಾಯಿಯಂತಾಗಿ ಚಕ್ರವನ್ನೇ ಎಳೆಯುವುದು. ನಮ್ಮ ಬಯಲಿಗೆ ಚಿಕ್ಕದೇ ಮೇಲು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ. ಆದುದರಿಂದ ಚೌಕಟ್ಟನ್ನು ಕೊರೆಯುವುದಾಗಲಿ, ದೀಪ ಮತ್ತು ನಂಬರು ಫಲಕಗಳನ್ನು ಮರೆಮಾಡುವುದಾಗಲಿ ಕೂಡದು. ತಯಾರಕರೇ ಆಯಾ ಮಾದರಿಗೆ ಒದಗಿಸುವ ಫಲಕವಿದ್ದರೆ ಅದೇ ಉತ್ತಮ. ಫಲಕವಿದೆಯೆಂದು ಹೆಲ್ಮೆಟ್ಟನ್ನು ಮನೆಯಲ್ಲಿಡುವವರಿಗೆ ಅದೇ ಕಾಯ್ದೆಯ 129ನೆಯ ಕಲಮನ್ನು ನೆನಪಿಸುವುದು ನಮ್ಮ ಕರ್ತವ್ಯ.

ಗಾಳಿಯನ್ನು ತಡೆದುಕೊಂಡವನು ವೇಗವನ್ನು ಹೆಚ್ಚಿಸುವ ಆಸೆಗೆ ಬೀಳುವುದುಂಟು. ಫಲಕದಿಂದ ದೊರೆತ ನೆಮ್ಮದಿಯು ದಾರಿಯ ಮೇಲಿನ ಗಮನಕ್ಕೆ ಸಲ್ಲಲಿ, ಆತುರಕ್ಕಲ್ಲ. ಬೆಳಿಗ್ಗೆ ಕಚೇರಿಗೆ ಹೊರಟವರು ಸಂಜೆ ಕ್ಷೇಮವಾಗಿ ಮನೆ ಸೇರುವುದೇ ಈ ಉಪಕರಣದ ನಿಜವಾದ ಪ್ರಯೋಜನವೆಂದು ನಾವು ಭಾವಿಸುವೆವು.