ಫೋಟೋ ಒಳಗೆ ಅಡಗಿರೋ ವಿಳಾಸ

ಒಂದೇ ಒಂದು ಫೋಟೋ,
ತಲೆಮರೆಸಿಕೊಂಡವರ ಜಾಗ ಹೇಳಿಬಿಡುತ್ತಾ?

ಹೇಳಿದೆ.
2012ರ ಡಿಸೆಂಬರ್.
ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ,
ಬೆಲೀಜ್ ಪೊಲೀಸರ ಕಣ್ತಪ್ಪಿಸಿ ಓಡಾಡ್ತಿದ್ರು.
ಒಂದು ಪತ್ರಿಕೆ ಅವರ ಫೋಟೋ ಹಾಕಿತು.
ಆ ಫೈಲ್ ಒಳಗೇ ಅಕ್ಷಾಂಶ, ರೇಖಾಂಶ ಇತ್ತು!
ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೇ ಗೊತ್ತಾಯ್ತು.

ಇದೇ ಮೆಟಾಡೇಟಾ.
ಅಂಚೆ ಕವರ್ ನೆನಪಿಸಿಕೊಳ್ಳಿ.
ಒಳಗಿನ ಕಾಗದ ಓದೋದೇ ಬೇಡ.
ಮೇಲಿನ ಠಸ್ಸೆ ನೋಡಿದ್ರೆ ಸಾಕು,
ಯಾವ ಊರು, ಯಾವ ದಿನ, ಗೊತ್ತಾಗುತ್ತೆ.

ಆ ಠಸ್ಸೆ ಓದಿಕೊಡೋ ಕೋಡ್ ಲೈಬ್ರರಿ, ಎಕ್ಸಿಫ್‌ಟೂಲ್.
ಕೆನಡಾದ ಫಿಲ್ ಹಾರ್ವೆ
2003ರಲ್ಲಿ ಪರ್ಲ್ ಭಾಷೆಯಲ್ಲಿ ಶುರು ಮಾಡಿದ್ದು.
ಪೂರ್ತಿ ಉಚಿತ.

ಕಷ್ಟ ಎಲ್ಲಿ ಗೊತ್ತಾ?
ದಿನಾಂಕ, ಜಾಗ ಬರೆಯೋಕೆ ಒಂದು ಸಾಮಾನ್ಯ ಪದ್ಧತಿ ಇದೆ.
ಆದ್ರೆ ಕ್ಯಾನನ್, ನಿಕಾನ್, ಸೋನಿ,
ಒಂದೊಂದು ಕಂಪನಿಯೂ ತನ್ನದೇ ಗುಟ್ಟಿನ ಟಿಪ್ಪಣಿ ಸೇರಿಸುತ್ತೆ.
ಯಾವ ಲೆನ್ಸ್? ಫೋಕಸ್ ಎಲ್ಲಿತ್ತು?
ಅದನ್ನ ಓದೋ ಬಗೆ ಕಂಪನಿಗಳು ಸಾಮಾನ್ಯವಾಗಿ ಹೇಳಲ್ಲ.
ಫೋಟೋ ಪಕ್ಕ ಫೋಟೋ ಇಟ್ಟು,
ಬೈಟ್ ಬೈಟ್ ಹೋಲಿಸಿ ಬಿಡಿಸಬೇಕು.
ಹಾರ್ವೆ ಮತ್ತೆ ಬಳಕೆದಾರರು
ವರ್ಷಗಟ್ಟಲೆ ಮಾಡಿದ್ದು ಇದನ್ನೇ.
ನನ್ನ ಪ್ರಕಾರ, ಇದು ಬಹಳ ದೊಡ್ಡ ಉಪಕಾರ.

ಎಕ್ಸಿಫ್‌ಟೂಲ್ ಹಾಡು, ವಿಡಿಯೋ, ಪಿಡಿಎಫ್‌ಗಳ ಮೆಟಾಡೇಟಾ ಕೂಡ ಓದುತ್ತೆ.

ಈಗ ನಿಮ್ಮ ಫೋನ್ ವಿಷಯ.
ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದ್ರೆ, ಜಾಗದ ವಿವರ ಉಳಿಯಲ್ಲ.
ಡಾಕ್ಯುಮೆಂಟ್ ಆಗಿ ಕಳಿಸಿದ್ರೆ?
ಇದ್ದದ್ದು ಇದ್ದ ಹಾಗೇ ಹೋಗುತ್ತೆ.
ಮನೆ ಮಕ್ಕಳ ಫೋಟೋ ಹಾಗೆ ಕಳಿಸೋ ಮುಂಚೆ
ಎಕ್ಸಿಫ್‌ಟೂಲ್‌ಗೆ ಒಂದೇ ಸಾಲಿನ ಕಮಾಂಡ್ ಕೊಡಿ.
ಜಾಗದ ವಿವರ ಅಳಿಸಿಕೊಡುತ್ತೆ.