ತಾರೆಯರ ಜಗಳ, ಏಳು ವರ್ಷದ ಲೆಕ್ಕ

ಒಂದು ಬೆಣ್ಣೆಯುಂಡೆಗಾಗಿ ಎರಡು ಬೆಕ್ಕುಗಳು ಕಾದಾಡಿದವು. ನ್ಯಾಯ ಹೇಳಲು ಬಂದ ಕೋತಿ ತಕ್ಕಡಿ ಹಿಡಿದು, ಎರಡೂ ತಟ್ಟೆ ಸರಿ ಮಾಡುವ ನೆಪದಲ್ಲಿ ಬೆಣ್ಣೆಯನ್ನೆಲ್ಲ ತಾನೇ ತಿಂದು ಮುಗಿಸಿತು. ಈ ಕಥೆ ಕೇಳದ ಮಕ್ಕಳಿಲ್ಲ. ಆದರೆ ದೊಡ್ಡವರ ಲೋಕದಲ್ಲಿ ಇಬ್ಬರು ಜಗಳವಾಡಿದರೆ, ಅದರಲ್ಲೂ ಇಬ್ಬರು ಹೆಂಗಸರು ಜಗಳವಾಡಿದರೆ, ಎಲ್ಲರ ಕಣ್ಣೂ ಬೆಕ್ಕುಗಳ ಮೇಲೆಯೇ. ತಕ್ಕಡಿ ಯಾರ ಕೈಯಲ್ಲಿದೆ ಎಂದು ನೋಡುವವರು ಕಡಿಮೆ.

ಅಮೆರಿಕದ ಚಿತ್ರನಗರಿ ಹಾಲಿವುಡ್‌ನಲ್ಲಿ ಬೆಟಿ ಡೇವಿಸ್ ಮತ್ತು ಜೋನ್ ಕ್ರಾಫರ್ಡ್ ಎಂಬ ಇಬ್ಬರು ಮಹಾನಟಿಯರ ವೈರ ಇಂದಿಗೂ ಮಾತಿನ ವಸ್ತು. 1962ರಲ್ಲಿ ಇಬ್ಬರೂ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಚಿತ್ರದಲ್ಲಿ ಅಕ್ಕತಂಗಿಯರಾಗಿ ನಟಿಸಿದರು. ಆಸ್ಕರ್ ಪ್ರಶಸ್ತಿಗೆ ಡೇವಿಸ್ ಹೆಸರು ಮಾತ್ರ ಸೂಚಿತವಾಯಿತು. 1963ರ ಸಮಾರಂಭದಲ್ಲಿ ಪ್ರಶಸ್ತಿ ದೊರೆತದ್ದು ಆನ್ ಬ್ಯಾಂಕ್ರಾಫ್ಟ್ ಅವರಿಗೆ. ಅವರು ಸಮಾರಂಭಕ್ಕೆ ಬಂದಿರಲಿಲ್ಲ. ಅವರ ಪರವಾಗಿ ವೇದಿಕೆ ಏರಿ ಪ್ರಶಸ್ತಿ ಸ್ವೀಕರಿಸಿದವರು ಯಾರು? ಜೋನ್ ಕ್ರಾಫರ್ಡ್! ಪತ್ರಿಕೆಗಳಿಗೆ ಹಬ್ಬವೋ ಹಬ್ಬ. 2017ರಲ್ಲಿ ಈ ಜಗಳವೇ ಒಂದು ಟಿ.ವಿ. ಧಾರಾವಾಹಿಯೂ ಆಯಿತು.

ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ. ಆದರೆ ಅದು ಬೆಳೆದ ನೆಲ ಯಾವುದು?

1930ರ ದಶಕದಲ್ಲಿ ಹಾಲಿವುಡ್‌ನ ನಟನಟಿಯರು ಸ್ವತಂತ್ರರಾಗಿರಲಿಲ್ಲ. ದೊಡ್ಡ ಚಿತ್ರಸಂಸ್ಥೆಗಳು ಅವರೊಡನೆ ಸಾಮಾನ್ಯವಾಗಿ ಏಳು ವರ್ಷದ ಕರಾರು ಮಾಡಿಕೊಳ್ಳುತ್ತಿದ್ದವು. ಯಾವ ಪಾತ್ರ, ಯಾವ ಚಿತ್ರ ಎಂಬುದನ್ನು ಸಂಸ್ಥೆಯೇ ತೀರ್ಮಾನಿಸುತ್ತಿತ್ತು. ಬೇರೆ ಸಂಸ್ಥೆಗೆ ತಾರೆಯನ್ನು ಎರವಲು ಕೊಟ್ಟು ಲಾಭ ಪಡೆಯುವುದೂ ಉಂಟು. ಹೆಸರಿನ ಮೇಲೂ ಅವರದೇ ಹಕ್ಕು. ಕ್ರಾಫರ್ಡ್ ಅವರ ಹುಟ್ಟುಹೆಸರು ಲೂಸಿಲ್ ಲೆಸೂರ್. 1925ರಲ್ಲಿ ಎಂ.ಜಿ.ಎಂ. ಸಂಸ್ಥೆ ಪತ್ರಿಕೆಯೊಂದರಲ್ಲಿ ಓದುಗರಿಗೆ ಸ್ಪರ್ಧೆ ಏರ್ಪಡಿಸಿ ಹೊಸ ಹೆಸರಿಟ್ಟಿತು. 1938ರಲ್ಲಿ ಚಿತ್ರಮಂದಿರ ಮಾಲೀಕರ ಒಂದು ಸಂಘ ಜಾಹೀರಾತು ಕೊಟ್ಟು, ಗಲ್ಲಾಪೆಟ್ಟಿಗೆಗೆ ‘ವಿಷ’ವಾದವರ ಪಟ್ಟಿಯಲ್ಲಿ ಅದೇ ಹೆಸರನ್ನು ಸೇರಿಸಿತು.

ಡೇವಿಸ್ ಪಾಡೂ ಭಿನ್ನವಲ್ಲ. ಕೊಟ್ಟ ಪಾತ್ರಗಳಿಂದ ಬೇಸತ್ತು 1936ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ನಟಿಸಲು ಮುಂದಾದರು. ವಾರ್ನರ್ ಬ್ರದರ್ಸ್ ಸಂಸ್ಥೆ ಲಂಡನ್ನಿನ ನ್ಯಾಯಾಲಯದಲ್ಲಿ ತಡೆಯಾಜ್ಞೆ ತಂದಿತು. ಸೋತ ಡೇವಿಸ್ ಅದೇ ಸಂಸ್ಥೆಗೆ ಮರಳಬೇಕಾಯಿತು. 1943ರಲ್ಲಿ ಎಂ.ಜಿ.ಎಂ. ಬಿಟ್ಟ ಕ್ರಾಫರ್ಡ್ ಸೇರಿದ್ದೂ ವಾರ್ನರ್ ಸಂಸ್ಥೆಯನ್ನೇ. ಒಳ್ಳೆಯ ಪಾತ್ರಗಳು ಬೆರಳೆಣಿಕೆಯಷ್ಟು. ಹಂಚುವ ಕೈ ಒಂದೇ. ಪೈಪೋಟಿ ಹುಟ್ಟದಿದ್ದರೆ ಅದೇ ಆಶ್ಚರ್ಯ!

ಕರಾರಿನ ಒಳಗುಟ್ಟು ಇದ್ದದ್ದು ಒಂದು ಸಣ್ಣ ಲೆಕ್ಕದಲ್ಲಿ. ಪಾತ್ರ ಒಲ್ಲೆ ಎಂದವರನ್ನು ಸಂಬಳವಿಲ್ಲದೆ ಅಮಾನತಿನಲ್ಲಿಡುತ್ತಿದ್ದರು. ಆ ಅವಧಿಯನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ವರ್ಷಕ್ಕೆ 13 ವಾರ ಅಮಾನತು ಎಂದಿಟ್ಟುಕೊಳ್ಳಿ. ಏಳು ವರ್ಷಕ್ಕೆ 91 ವಾರ, ಅಂದರೆ ಒಂದೂಮುಕ್ಕಾಲು ವರ್ಷ ಹೆಚ್ಚು. ಆ ಹೆಚ್ಚುವರಿ ಕಾಲದಲ್ಲಿ ಮತ್ತೆ ಅಮಾನತಾದರೆ ಕರಾರು ಇನ್ನಷ್ಟು ಉದ್ದ. ಹೆಸರಿಗೆ ಏಳು ವರ್ಷ, ಮುಗಿಯುವುದು ಎಂದೋ!

ಈ ಲೆಕ್ಕವನ್ನು ಪ್ರಶ್ನಿಸಿದವರು ‘ಗಾನ್ ವಿತ್ ದಿ ವಿಂಡ್’ ಚಿತ್ರದ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್. 1943ರಲ್ಲಿ ಅವರ ಏಳು ವರ್ಷ ಮುಗಿದಾಗ ವಾರ್ನರ್ ಸಂಸ್ಥೆ ಸುಮಾರು ಆರು ತಿಂಗಳ ಬಾಕಿ ತೋರಿಸಿತು. ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ನಡೆಯುವಷ್ಟು ಕಾಲ ಬೇರೆ ಸಂಸ್ಥೆಗಳ ಬಾಗಿಲೂ ಅವರಿಗೆ ಮುಚ್ಚಿತ್ತು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಆ ನಿಯಮವನ್ನು ಜನ ಇಂದಿಗೂ ‘ಡಿ ಹ್ಯಾವಿಲೆಂಡ್ ಕಾನೂನು’ ಎಂದೇ ಕರೆಯುತ್ತಾರೆ.

ಸೋಜಿಗವೆಂದರೆ, ಇದೇ ಒಲಿವಿಯಾ ಮತ್ತು ಅವರ ತಂಗಿ, ನಟಿ ಜೋನ್ ಫಾಂಟೇನ್ ಅವರ ಮುನಿಸೂ ಪತ್ರಿಕೆಗಳಿಗೆ ದಶಕಗಳ ಕಾಲ ಆಹಾರವಾಯಿತು. 1942ರಲ್ಲಿ ಇಬ್ಬರೂ ಒಂದೇ ಆಸ್ಕರ್‌ಗೆ ಸ್ಪರ್ಧಿಗಳು, ಗೆದ್ದವರು ತಂಗಿ. ಅಕ್ಕತಂಗಿಯರ ಮುನಿಸು ಗೊತ್ತಿರುವಷ್ಟು ಜನರಿಗೆ ಅಕ್ಕ ಗೆದ್ದ ಮೊಕದ್ದಮೆ ಗೊತ್ತಿಲ್ಲ.

ಕರಾರಿನ ಬಿಗಿ ಸಡಿಲವಾದರೂ ಇನ್ನೊಂದು ಕಟ್ಟು ಉಳಿದಿತ್ತು, ಅದು ವಯಸ್ಸು. 1962ರ ಸೆಪ್ಟೆಂಬರ್‌ನಲ್ಲಿ, ಎರಡು ಆಸ್ಕರ್ ಗೆದ್ದಿದ್ದ 54ರ ಡೇವಿಸ್ ಕೆಲಸ ಬೇಕೆಂದು ಚಿತ್ರೋದ್ಯಮದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದರಲ್ಲಿ ವ್ಯಂಗ್ಯವೂ ಇತ್ತು, ನೋವೂ ಇತ್ತು. ಮರುವರ್ಷ ತೆರೆಕಂಡ ‘ಶರೇಡ್’ ಚಿತ್ರದಲ್ಲಿ, 1904ರಲ್ಲಿ ಹುಟ್ಟಿದ ಕ್ಯಾರಿ ಗ್ರಾಂಟ್ 1929ರಲ್ಲಿ ಹುಟ್ಟಿದ ಆಡ್ರೆ ಹೆಪ್‌ಬರ್ನ್‌ಗೆ ನಾಯಕ! ವಯಸ್ಸಾದ ನಾಯಕಿಯರಿಗೆ ಮಾತ್ರ ಒಂದೇ ಕುರ್ಚಿ, ಅದಕ್ಕೆ ಇಬ್ಬರು. 1964ರ ‘ಹಶ್... ಹಶ್, ಸ್ವೀಟ್ ಷಾರ್ಲೆಟ್’ ಚಿತ್ರದಿಂದ ಕ್ರಾಫರ್ಡ್ ಅನಾರೋಗ್ಯದ ಕಾರಣ ಹೊರಬಿದ್ದಾಗ ಆ ಪಾತ್ರಕ್ಕೆ ಬಂದವರು ಒಲಿವಿಯಾ.

ಕ್ರಾಫರ್ಡ್ 1977ರಲ್ಲಿ, ಡೇವಿಸ್ 1989ರಲ್ಲಿ ತೀರಿಕೊಂಡರು. 104 ವರ್ಷ ಬಾಳಿದ ಒಲಿವಿಯಾ ಕಣ್ಮುಚ್ಚಿದ್ದು 2020ರಲ್ಲಿ. ಮೂವರಲ್ಲಿ ಯಾರು ದೊಡ್ಡ ನಟಿ ಎಂಬ ವಾದ ಮುಗಿಯುವಂಥದ್ದಲ್ಲ. ಆದರೆ ಮುಂದಿನ ಪೀಳಿಗೆಯ ಕಲಾವಿದರಿಗೆ ದಕ್ಕಿದ ಲಾಭವನ್ನು ಎಣಿಸಿದರೆ, ಎದುರಾಳಿ ನಟಿಯನ್ನು ಸೋಲಿಸಿದ್ದಕ್ಕಿಂತ ಕರಾರನ್ನು ಸೋಲಿಸಿದ್ದೇ ಹೆಚ್ಚು ತೂಗುತ್ತದೆ. ತರಗತಿಯ ಮೊದಲ ರ‍್ಯಾಂಕಿಗಾಗಿ ಇಬ್ಬರು ಗೆಳತಿಯರು ಮಾತು ಬಿಟ್ಟಾಗ, ಅವರಿಗೂ ಅವರ ತಂದೆತಾಯಿಯರಿಗೂ ಈ ಲೆಕ್ಕ ನೆನಪಿದ್ದರೆ ಒಳ್ಳೆಯದು.