ಜೆಲ್ಲಿ ರೋಲ್ ಮಾರ್ಟನ್ನನ ಸಮಗ್ರ ಕೃತಿಗಳ ದ್ವಂದ್ವವಾದನ: ಒಂದು ವಿವೇಚನೆ

ಕವಿಯೊಬ್ಬನ ಸಮಗ್ರ ಕೃತಿಗಳನ್ನು ಸಂಪಾದಿಸುವುದೆಂದರೆ ಏನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಹಸ್ತಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ತೂಗಿ ನೋಡಿ, ಪ್ರಕ್ಷಿಪ್ತವಾದುದನ್ನು ಬೇರ್ಪಡಿಸಿ, ಶುದ್ಧಪಾಠವನ್ನು ನಿರ್ಣಯಿಸುವುದು ಆ ಕಾರ್ಯ. ಆದರೆ ಕೃತಿಯು ಅಕ್ಷರಕ್ಕಿಂತ ಮೊದಲು ನಾದದಲ್ಲಿ ಹುಟ್ಟಿ, ಪ್ರತಿಯೊಂದು ವಾದನದಲ್ಲಿಯೂ ಸ್ವಲ್ಪ ಸ್ವಲ್ಪ ಬೇರೆಯಾಗುತ್ತ ಬಂದಿದ್ದರೆ ಸಂಪಾದಕನು ಏನು ಮಾಡಬೇಕು? ಈ ಪ್ರಶ್ನೆಗೆ ಒಂದು ಉತ್ತರವನ್ನು 2018ರಲ್ಲಿ ಲಂಡನ್ನಿನ ಇಬ್ಬರು ವಾದಕರು ಒದಗಿಸಿದರು. ಪಿಯಾನೊ ವಾದಕ ಆಂಡ್ರ್ಯೂ ಆಲಿವರ್ ಮತ್ತು ಕ್ಲಾರಿನೆಟ್, ಸ್ಯಾಕ್ಸೊಫೋನ್ ವಾದಕ ಡೇವಿಡ್ ಹಾರ್ನಿಬ್ಲೋ ಅವರು ಜಾಝ್ ಸಂಗೀತದ ಆದ್ಯ ರಚನಕಾರರಲ್ಲೊಬ್ಬನಾದ ಜೆಲ್ಲಿ ರೋಲ್ ಮಾರ್ಟನ್ನನ ಕೃತಿಗಳೆಲ್ಲವನ್ನೂ, ಎಂದರೆ 90ಕ್ಕೂ ಮಿಕ್ಕ ರಚನೆಗಳನ್ನು, ದ್ವಂದ್ವವಾದನ ರೂಪದಲ್ಲಿ ಮುದ್ರಿಸಲು ಕೈಹಾಕಿದರು. ಈ ಪ್ರಯತ್ನದಿಂದ ಇತಿಹಾಸದ ಅಭ್ಯಾಸಿಗೆ ಆಗುವ ಪ್ರಯೋಜನವೇನು, ಅದರ ಮಿತಿಯೇನು ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಮಾರ್ಟನ್ನನ ಹುಟ್ಟುಹೆಸರು ಫರ್ಡಿನಾಂಡ್ ಜೋಸೆಫ್ ಲಾಮೋಥ್. ಆತನು 1890ರ ಸುಮಾರಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಕುಟುಂಬವೊಂದರಲ್ಲಿ ಜನಿಸಿ, 1941ರ ಜುಲೈ 10ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡನು. 1915ರಲ್ಲಿ ಅಚ್ಚಾದ ಆತನ 'ಜೆಲ್ಲಿ ರೋಲ್ ಬ್ಲೂಸ್' ಸ್ವರಲಿಪಿಯಲ್ಲಿ ಪ್ರಕಟವಾದ ಮೊತ್ತಮೊದಲ ಜಾಝ್ ರಚನೆಗಳಲ್ಲೊಂದು. ಇಷ್ಟು ಯೋಗ್ಯತೆಯಿದ್ದರೂ, 1902ರಲ್ಲಿ ಜಾಝನ್ನು ಸೃಷ್ಟಿಸಿದವನು ತಾನೇ ಎಂದು 1938ರಲ್ಲಿ ಆತನು ಪತ್ರಮುಖೇನ ಸಾರಿದ್ದು ಆತನಿಗೇ ಮುಳುವಾಯಿತು. ಲೋಕವು ಬಡಾಯಿಯನ್ನು ನೆನಪಿನಲ್ಲಿಟ್ಟುಕೊಂಡು ಕೃತಿಗಳನ್ನು ಬದಿಗೆ ಸರಿಸಿತು. ತನ್ನ ರಚನೆಗಳಿಂದ ಬಂದ ಹಣವು ತನಗೆ ಸಲ್ಲಲಿಲ್ಲವೆಂಬ ಕೊರಗು ಆತನನ್ನು ಕಡೆಯವರೆಗೂ ಬಿಡಲಿಲ್ಲ. ಜಾಝ್ ಎಂದರೆ ಕೇವಲ ಮನೋಧರ್ಮದ ವಿಲಾಸ, ಅದರಲ್ಲಿ 'ರಚನೆ' ಎಂಬುದೇ ಇಲ್ಲ ಎಂಬ ಅಭಿಪ್ರಾಯವೂ ಬಹುಕಾಲ ಪ್ರಚಾರದಲ್ಲಿತ್ತು. ಆದಕಾರಣ ಮಾರ್ಟನ್ನನ ಕೃತಿಸಮುಚ್ಚಯದ ಪ್ರಶ್ನೆಯು ರಸಿಕರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕರ್ತೃತ್ವವು ಯಾರಿಗೆ ಸಲ್ಲಬೇಕೆಂಬ ನ್ಯಾಯದ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಆಕರಗಳತ್ತ ದೃಷ್ಟಿ ಹಾಯಿಸಿದರೆ ಕಾರ್ಯದ ತೊಡಕು ವಿಶದವಾಗುತ್ತದೆ. ಅಚ್ಚಾದ ಸ್ವರಲಿಪಿಗಳು ಒಂದು ಬಗೆ. ಇವುಗಳಲ್ಲಿ ಕೆಲವನ್ನು ಪ್ರಕಾಶಕರ ಕಡೆಯ ಅನ್ಯರು ಅಣಿಗೊಳಿಸಿದ್ದರು. ಸುಮಾರು ಮೂರು ನಿಮಿಷಗಳಲ್ಲಿ ಮುಗಿಯಲೇಬೇಕಾಗಿದ್ದ ಗ್ರಾಮಫೋನ್ ತಟ್ಟೆಗಳು ಇನ್ನೊಂದು ಬಗೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅಲನ್ ಲೋಮ್ಯಾಕ್ಸ್ ಅವರು 1938ರಲ್ಲಿ ಮುದ್ರಿಸಿಕೊಂಡ, ಮಾತೂ ವಾದನವೂ ಬೆರೆತ ಎಂಟು ಗಂಟೆಗಳಿಗೂ ಮಿಕ್ಕ ನಿರೂಪಣೆ ಮೂರನೆಯದು. ಕೊನೆಯ ವರ್ಷಗಳಲ್ಲಿ ದೊಡ್ಡ ವಾದ್ಯವೃಂದಕ್ಕೆಂದು ಬರೆದು, ತಾನು ಮುದ್ರಿಸದೆಯೇ ಬಿಟ್ಟುಹೋದ ಹಸ್ತಪ್ರತಿಗಳು ನಾಲ್ಕನೆಯದು. 'ಕಿಂಗ್ ಪೋರ್ಟರ್ ಸ್ಟಾಂಪ್' ಎಂಬ ಒಂದೇ ಕೃತಿಯನ್ನು ಆತನು 1923ರಿಂದ 1939ರವರೆಗೆ ಹಲವು ಬಾರಿ ನುಡಿಸಿ ಮುದ್ರಿಸಿದ್ದಾನೆ. ಇವುಗಳಲ್ಲಿ ಯಾವುದು ಮೂಲಪಾಠ? ಜೇಮ್ಸ್ ಡಪೋನಿ ಅವರು 1982ರಲ್ಲಿ 40 ಪಿಯಾನೊ ಕೃತಿಗಳನ್ನು ತಟ್ಟೆಗಳಿಂದ ಕೇಳಿ ಲಿಪಿಗಿಳಿಸಿ ಪ್ರಕಟಿಸಿದ ಸಂಪುಟವು ಈ ದಿಕ್ಕಿನಲ್ಲಿ ಮಹತ್ತ್ವದ ಹೆಜ್ಜೆ. ಆದರೂ ವಾದ್ಯವೃಂದಕ್ಕೆಂದೇ ರಚಿತವಾದ ಅನೇಕ ಕೃತಿಗಳು ಅದರ ವ್ಯಾಪ್ತಿಯ ಹೊರಗೆ ಉಳಿದುವು.

ಹೀಗೆ ಚದುರಿದ ಸಾಮಗ್ರಿಯನ್ನು ಒಂದೇ ಅಳತೆಗೆ ತರಲು ದ್ವಂದ್ವವಾದನವು ಸಾಧನವಾಯಿತು. ಇದು ಮಾರ್ಟನ್ನನಿಗೆ ಅಪರಿಚಿತವಾದ ರೂಪವೂ ಅಲ್ಲ. 1924ರ ಡಿಸೆಂಬರಿನಲ್ಲಿ ಚಿಕಾಗೊದಲ್ಲಿ ಆತನು ಕಾರ್ನೆಟ್ ವಾದಕ ಕಿಂಗ್ ಆಲಿವರನೊಡನೆ 'ಕಿಂಗ್ ಪೋರ್ಟರ್' ಮತ್ತು 'ಟಾಮ್ ಕ್ಯಾಟ್ ಬ್ಲೂಸ್' ಕೃತಿಗಳನ್ನು ಇಬ್ಬರೇ ನುಡಿಸಿ ಮುದ್ರಿಸಿದ್ದನು. 1927ರಲ್ಲಿ ಕ್ಲಾರಿನೆಟ್ ಮತ್ತು ಮದ್ದಳೆಗಳೊಡನೆ ಮೂವರ ವಾದನವನ್ನೂ ಮಾಡಿದ್ದನು. ಪಿಯಾನೊ ವಾದ್ಯವು ಇಡೀ ವಾದ್ಯವೃಂದವನ್ನು ಅನುಕರಿಸಬೇಕೆಂಬುದು ಆತನ ಸಿದ್ಧಾಂತವಾಗಿದ್ದುದರಿಂದ, ವೃಂದವನ್ನು ಪಿಯಾನೊ ಮತ್ತು ಇನ್ನೊಂದು ವಾದ್ಯಕ್ಕೆ ಇಳಿಸುವುದು ಆತನ ಪದ್ಧತಿಗೆ ವಿರೋಧವೆನಿಸದು.

ಈ ಸಂಕ್ಷೇಪದಿಂದ ರಚನೆಯ ಎಲುಬುಗೂಡು ಗೋಚರವಾಗುತ್ತದೆ. 1926ರ ಸೆಪ್ಟೆಂಬರಿನಲ್ಲಿ 'ರೆಡ್ ಹಾಟ್ ಪೆಪ್ಪರ್ಸ್' ತಂಡದ ಏಳು ಮಂದಿ ಮುದ್ರಿಸಿದ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಕೃತಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿ ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್‌ಗಳ ನಾದವೈಭವವೇ ಕೇಳುವವನ ಗಮನವನ್ನು ಸೆಳೆದುಕೊಳ್ಳುತ್ತದೆ. ಇಂಥ ಕೃತಿಯನ್ನು ಇಬ್ಬರೇ ನುಡಿಸುವಾಗ ಖಂಡಖಂಡವಾಗಿ ಸಾಗುವ ಅದರ ವಿನ್ಯಾಸ, ಖಂಡಗಳ ನಡುವಣ ವೈದೃಶ್ಯ, ಎಡಗೈಯ ಮಂದ್ರಸ್ವರಗಳ ನಡೆ ಇವು ಸ್ಫುಟವಾಗುತ್ತವೆ. ಉಳಿದವರೆಲ್ಲ ಕ್ಷಣಕಾಲ ನಿಂತು ಒಬ್ಬನೇ ನುಡಿಸುವ 'ಬ್ರೇಕ್' ಎಂಬ ತಾಣವಿಲ್ಲದೆ ಜಾಝ್ ಇಲ್ಲವೆಂದು ಮಾರ್ಟನ್ ನಂಬಿದ್ದನು. ಅಂತಹ ತಾಣಗಳನ್ನು ರಚನಕಾರನೇ ಮೊದಲು ನಿಗದಿಪಡಿಸಿದ್ದನು; ಅವು ವಾದಕರ ಆ ಕ್ಷಣದ ಉತ್ಸಾಹದಿಂದ ಒದಗಿದುವಲ್ಲ. ಮನೋಧರ್ಮಕ್ಕೆ ಎಡೆಮಾಡುವ ಚೌಕಟ್ಟು ಕೂಡ ರಚನೆಯೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

'ಸಮಗ್ರ' ಎಂಬ ಪಣಕ್ಕೂ ತನ್ನದೇ ಆದ ಬೆಲೆಯುಂಟು. ಆಯ್ದ ಸಂಕಲನವು ಸಂಕಲನಕಾರನ ಅಭಿರುಚಿಯನ್ನು ತೋರಿಸುತ್ತದೆ. ಸಮಗ್ರವಾದುದು ರಚನಕಾರನ ಬೆಳವಣಿಗೆಯನ್ನೂ ಸೋಲುಗಳನ್ನೂ ಒಟ್ಟಿಗೆ ತೋರಿಸುತ್ತದೆ. ಪ್ರಸಿದ್ಧ ಕೃತಿಯ ಪಕ್ಕದಲ್ಲಿ ಸಾಮಾನ್ಯವಾದುದನ್ನೂ ಇಟ್ಟು ಕೇಳಿದಾಗಲೇ ಆತನ ಬಡಾಯಿಯಲ್ಲಿ ಎಷ್ಟು ಹುರುಳಿತ್ತೆಂಬುದನ್ನು ತೂಗಿ ಹೇಳಲು ಸಾಧ್ಯ.

ಹೀಗಿದ್ದರೂ ಒಂದು ಎಚ್ಚರ ಅವಶ್ಯಕ. 2018ರ ವಾದನವು 1920ರ ದಶಕಕ್ಕೆ ಸಾಕ್ಷಿಯಾಗಲಾರದು. ಅದು ಆ ಕಾಲದ ಸಾಕ್ಷ್ಯಗಳ ಮೇಲೆ ರಚಿತವಾದ ವ್ಯಾಖ್ಯಾನ. ಬ್ಯಾಂಜೊವಿನ ಮೀಟು, ಮದ್ದಳೆಯ ಪೆಟ್ಟು, ಟ್ರಾಂಬೋನಿನ ಜಾರುನಾದ ಇವು ಸಂಕ್ಷೇಪದಲ್ಲಿ ಮರೆಯಾಗುತ್ತವೆ. ಯಾವ ಸ್ವರವನ್ನು ಉಳಿಸಬೇಕೆಂಬ ನಿರ್ಣಯವು ವಾದಕರದು. ಆದುದರಿಂದ ವಿದ್ಯಾರ್ಥಿಯು ಮಾರ್ಟನ್ನನ ಹಳೆಯ ತಟ್ಟೆಯನ್ನು ಮೊದಲು ಕೇಳಿ, ಅನಂತರ ದ್ವಂದ್ವವಾದನವನ್ನು ಕೇಳಿ, ಮತ್ತೆ ತಟ್ಟೆಗೆ ಮರಳುವುದು ಯುಕ್ತವಾದ ಕ್ರಮ. ಮೂಲ ಮತ್ತು ವ್ಯಾಖ್ಯಾನಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದುವ ನಮ್ಮ ಅಭ್ಯಾಸವು ಇಲ್ಲಿ ಕಿವಿಗೂ ಅನ್ವಯಿಸುತ್ತದೆ. ಹಾಗೆ ಕೇಳುವವನಿಗೆ, ಬರೆದಿಟ್ಟ ದಾಖಲೆಯಷ್ಟೇ ಇತಿಹಾಸಕ್ಕೆ ಆಧಾರವಲ್ಲ, ಜಾಗರೂಕತೆಯಿಂದ ಮರಳಿ ನುಡಿಸಿದ ನಾದವೂ ಶೋಧನೆಯ ಒಂದು ಮಾರ್ಗವೆಂಬುದು ಮನವರಿಕೆಯಾದೀತು.